ಬಿಟ್ಟುಹೋದ ಕಣಗಳು

ಕಣಜ ಎಂಬ ತಂತ್ರಾಂಶದ ಸ್ವತಂತ್ರ ಆವೃತ್ತಿ ಬಿಡುಗಡೆಯಾದ ವಾರದಲ್ಲೇ ಅದನ್ನು ಹಿಡಿದುಕೊಂಡು ಜಗಳಕ್ಕೆ ಇಳಿದವರು ವಿಮಲಾ ಉಳ್ಳಾಗಡ್ಡಿಯ ಅತ್ತೆ ಕಾಶಮ್ಮನವರು.

ಕೆಳಗಿನ ಮನೆಯ ಸರೋಜಾಬಾಯಿ ಖಾರ ಕುಟ್ಟಿಸಲು ಮೆಣಸಿನಕಾಯಿ ಹುರಿದಾಗಲೆಲ್ಲ ಕಾಶಮ್ಮನವರಿಗೆ ಕೆಮ್ಮು. ಇಷ್ಟು ವರ್ಷ ಅದು ಬರೀ ಅನುಮಾನವಾಗಿತ್ತು. ಈಗ ಗೋಡೆಗೆ ಅಂಟಿಸಿದ ಧೂಳುಗಣ್ಣು ಎಂಬ ಪುಟ್ಟ ಯಂತ್ರ ಕೋಣೆಯ ಗಾಳಿಯಲ್ಲಿದ್ದ ಒಂದೊಂದು ಕಣವನ್ನೂ ಗುರುತು ಹಾಕಿಕೊಂಡಿತ್ತು. ಕಣಜ ಆ ಕಣಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿ, ಮೆಟ್ಟಿಲ ಪಕ್ಕದ ಕಿಂಡಿಯಿಂದ ಇಳಿದು ಸರೋಜಾಬಾಯಿಯ ಒಲೆಯ ಮೇಲೆ ನಿಲ್ಲುವ ಕೆಂಪು ಎಳೆಯೊಂದನ್ನು ಫೋನಿನ ಪರದೆಯ ಮೇಲೆ ಬಿಡಿಸಿ ತೋರಿಸಿತು. ಕಾಶಮ್ಮನವರು ಆ ಚಿತ್ರ ಹಿಡಿದು ಕೆಳಗೆ ಹೋದರು. ಮರುದಿನದಿಂದ ಎರಡು ಮನೆಗಳ ನಡುವೆ ಮಾತು ನಿಂತಿತು.

“ನಿಮ್ಮ ಆಫೀಸಿನವ್ರು ಮಾಡಿದ್ದು ಛಲೋ ಐತಿ ನೋಡವಾ,” ಎಂದರು ಅವರು ಸೊಸೆಗೆ. “ಬಾಯಿಮಾತಿಗೆ ಆಕಿ ಒಪ್ಪತಿದ್ದಿಲ್ಲ. ಚಿತ್ರ ನೋಡಿ ಗಪ್ಪಾದಳು.”

ವಿಮಲಾ ನಕ್ಕು ಕಚೇರಿಗೆ ಹೊರಟಿದ್ದಳು. ಆ ವಾರ ಅವಳಿಗೆ ಬಿಡುವಿರಲಿಲ್ಲ.

ಕಣಜ ಮೂಲದಲ್ಲಿ ಸಿನಿಮಾದವರಿಗಾಗಿ ಮಾಡಿದ ತಂತ್ರಾಂಶ. ಹೊಗೆ, ಮಂಜು, ಬೂದಿ, ಕುಸಿದು ಪುಡಿಯಾಗುವ ಅರಮನೆ, ಮಾಯವಾಗುವ ದೇವತೆ, ಇಂಥವನ್ನೆಲ್ಲ ಕೋಟ್ಯಂತರ ಕಣಗಳಾಗಿ ಒಡೆದು, ಒಂದೊಂದಕ್ಕೂ ಬೆಳಕು ಹಾಯಿಸಿ ಚಿತ್ರ ಮಾಡುವುದು ಅದರ ಕೆಲಸ. ಆ ವೃತ್ತಿಯವರು ಇದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಮೊದಲು ಅದು ದೊಡ್ಡದೊಂದು ಅನಿಮೇಷನ್ ತಂತ್ರಾಂಶದ ಹೊಟ್ಟೆಯೊಳಗೆ ಬಾಡಿಗೆದಾರನಂತೆ ಇತ್ತು. ಆ ದೊಡ್ಡ ತಂತ್ರಾಂಶ ಕೊಂಡವರಿಗೆ ಮಾತ್ರ ಇದರ ಉಪಯೋಗ. ಸ್ವತಂತ್ರ ಆವೃತ್ತಿಗೆ ಆ ಹಂಗಿಲ್ಲ. ಯಾವ ಕಂಪ್ಯೂಟರಿನಲ್ಲಾದರೂ, ಒಳ್ಳೆಯ ಫೋನಿನಲ್ಲಾದರೂ, ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಮೋಡದೊಳಗಿಂದ ಮೋಡಕ್ಕೆ ಹಾಯುವ ಬೆಳಕನ್ನು ಲೆಕ್ಕ ಹಿಡಿಯುತ್ತದೆ, ಧಾವಿಸುವ ಕಣವನ್ನು ಧಾವಿಸುವ ಹಾಗೆಯೇ ತೋರಿಸುತ್ತದೆ, ಬೇಕೆಂದರೆ ಕಾಲವನ್ನು ಹಿಂದಕ್ಕೆ ತಿರುಗಿಸಿ ಧೂಳು ಹುಟ್ಟಿದ ಜಾಗಕ್ಕೆ ಕರೆದೊಯ್ಯುತ್ತದೆ.

ಈ ಗುಣವಿಶೇಷಗಳ ಪುಟವನ್ನು ಬರೆದವಳು ವಿಮಲಾ. ಪರವಾನಗಿಯ ಷರತ್ತುಗಳನ್ನು ಬರೆದವಳೂ ಅವಳೇ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಕೆಳಗೆ ಕನ್ನಡಕದ ಅಂಗಡಿ ಇರುವ ಕಟ್ಟಡದ ಎರಡನೆಯ ಮಹಡಿಯಲ್ಲಿ ಅವಳ ಕಚೇರಿ. ಸಂಸ್ಥೆಗಳಿಗೊಂದು, ಮನೆಯವರಿಗೊಂದು, ಎಲ್ಲರಿಗೂ ಉಚಿತವಾದದ್ದೊಂದು ಎಂದು ಪರವಾನಗಿಯಲ್ಲಿ ಮೂರು ಬಗೆ. ಉಚಿತದಲ್ಲಿ ಮಾಡಿದ ಚಿತ್ರದ ಮೂಲೆಯಲ್ಲಿ ಧಾನ್ಯ ತುಂಬುವ ಕಣಜದ ಸಣ್ಣ ಗುರುತು ಬೀಳುತ್ತದೆ. ಜೊತೆಗೆ ಐದು ಕೋಟಿ ಕಣಗಳ ಮಿತಿ. ಮಿತಿ ಎಷ್ಟಿರಬೇಕೆಂಬ ಸಭೆಯಲ್ಲಿ ಎಲ್ಲರ ಮುಂದೆ ಮಂಡಕ್ಕಿಯ ಗಿರಮಿಟ್ಟು, ಚಹ ಇದ್ದವು. ಸಂಸ್ಥೆಯ ಒಡೆಯ ಸುಧೀಂದ್ರ ಜಾಲಿಹಾಳ ಗಿರಮಿಟ್ಟಿನೊಳಗಿನ ಹಸಿಮೆಣಸಿನಕಾಯಿಯನ್ನು ಆರಿಸಿ ಬದಿಗಿಡುತ್ತ, “ಐದು ಕೋಟಿ ಇರ್ಲಿ ಬಿಡ್ರಿ,” ಎಂದಿದ್ದ. ಯಾಕೆ ಐದು, ಯಾಕೆ ಎಂಟಲ್ಲ ಎಂದು ಯಾರೂ ಕೇಳಿರಲಿಲ್ಲ.

ಉಚಿತ ಎಂದ ಮೇಲೆ ಜನ ಬಿಡುತ್ತಾರೆಯೇ? ಕಾರ್ಖಾನೆಗಳಲ್ಲಿ ಧೂಳುಗಣ್ಣು ಕಡ್ಡಾಯವಾಗಿ ಆಗಲೇ ಕೆಲವು ವರ್ಷವಾಗಿತ್ತು. ಆಮೇಲೆ ಅದು ಅಗ್ಗವಾಗಿ ಮನೆ, ಮಠ, ಕಲ್ಯಾಣಮಂಟಪಗಳಿಗೂ ಬಂದಿತ್ತು. ಅದು ಒಟ್ಟುಮಾಡುತ್ತಿದ್ದ ಅಂಕಿಗಳನ್ನು ಏನು ಮಾಡಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಈಗ ಅವೆಲ್ಲ ಚಿತ್ರಗಳಾದವು. ಉಬ್ಬಸದ ಡಾಕ್ಟರರು ಚಿತ್ರ ತನ್ನಿ ಎಂದರು. ಹಿಟ್ಟಿನ ಗಿರಣಿಯವನೂ ಪಕ್ಕದ ಬಟ್ಟೆ ಅಂಗಡಿಯವನೂ ಎರಡು ಚಿತ್ರ ಹಿಡಿದು ವಾರ್ಡಿನ ಸದಸ್ಯನ ಮನೆಗೆ ಹೋದರು. ಹೆಣ್ಣು ನೋಡಲು ಬರುವವರು ಮನೆಯ ಧೂಳಿನ ಚಿತ್ರ ಕೇಳುತ್ತಾರೆಂದು ಸುದ್ದಿ ಹಬ್ಬಿ, ಕೆಲವು ಮನೆಗಳಲ್ಲಿ ದಿನಕ್ಕೆ ಎರಡು ಸಲ ನೆಲ ಒರೆಸತೊಡಗಿದರು. ಕಣ್ಣಿಗೆ ಕಂಡದ್ದಕ್ಕಿಂತ ಕಣಜದಲ್ಲಿ ಕಂಡದ್ದಕ್ಕೆ ಹೆಚ್ಚು ಬೆಲೆ ಬಂತು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಪತ್ರಿಕೆಯ ಒಳಪುಟದಲ್ಲಿ ವಿಮಲಾಗೆ ಪರಿಚಿತ ಗುರುತೊಂದು ಕಂಡಿತು. ಕರಡಿಕೊಪ್ಪದ ಸ್ಟಾರ್ಚ್ ಕಾರ್ಖಾನೆಯಲ್ಲಿ ಹಿಂದಿನ ಬೇಸಿಗೆಯಲ್ಲಿ ಸ್ಫೋಟವಾಗಿತ್ತು. ಗೋವಿನಜೋಳದ ಹಿಟ್ಟಿನ ನುಣುಪಾದ ಧೂಳು ಗಾಳಿಯಲ್ಲಿ ತುಂಬಿದಾಗ ಒಂದು ಕಿಡಿ ತಾಗಿದರೂ ಸಿಡಿಮದ್ದಿನಂತೆ ಹೊತ್ತಿಕೊಳ್ಳುತ್ತದೆ. ಒಂಬತ್ತು ಜನ ಸತ್ತಿದ್ದರು. ಧೂಳು ಸುರಕ್ಷತಾ ಮಂಡಳಿಯವರು ತನಿಖೆಯ ಮೊದಲ ಹಂತ ಮುಗಿಸಿ ಮಧ್ಯಂತರ ವರದಿ ಕೊಟ್ಟಿದ್ದರು. ಸತ್ತವರಲ್ಲೇ ಒಬ್ಬನಾದ ಮೈಲಾರಪ್ಪ ತಳವಾರ ಎಂಬ ಕಾರ್ಮಿಕ ಚೀಲ ತುಂಬುವ ಜಾಗದಲ್ಲಿ ಬೀಡಿ ಹಚ್ಚಿದ್ದೇ ಕಾರಣ ಎಂದು ಬರೆದಿದ್ದರು. ವರದಿಯ ಜೊತೆ ಅಚ್ಚಾಗಿದ್ದ ಚಿತ್ರದಲ್ಲಿ ಬಿಳಿಯ ಹಿಟ್ಟಿನ ಮೋಡ, ಅದರ ನಡುವೆ ಮನುಷ್ಯಾಕಾರದ ಪಕ್ಕದಲ್ಲಿ ಉಜ್ವಲವಾದ ಒಂದು ಕಿತ್ತಳೆ ಚುಕ್ಕೆ, ಮೂಲೆಯಲ್ಲಿ ಕಣಜದ ಗುರುತು ಇದ್ದವು.

“ಮಂಡಳಿಯವ್ರಿಗೂ ಪುಕ್ಕಟ್ಟೆನ ಬೇಕು ನೋಡು,” ಎಂದು ಅವಳು ಕಚೇರಿಯಲ್ಲಿ ಇಮ್ತಿಯಾಜ್‌ಗೆ ತೋರಿಸಿದಳು. ಇಮ್ತಿಯಾಜ್ ದೊಡಮನಿ ಕಣಜದ ಒಳಗಿನ ಲೆಕ್ಕಾಚಾರವನ್ನೆಲ್ಲ ಬರೆದವನು. ಅವನೂ ನಕ್ಕ. ಇಬ್ಬರೂ ತಂತಮ್ಮ ಕೆಲಸಕ್ಕೆ ಹೋದರು.

ಕೆಲವು ದಿನ ಕಳೆದ ಮೇಲೆ ಒಬ್ಬ ಹೆಣ್ಣುಮಗಳು ಆ ಪತ್ರಿಕೆಯ ಹಾಳೆಯನ್ನೇ ಮಡಚಿ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನಲವತ್ತರ ಹತ್ತಿರದ ವಯಸ್ಸು, ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ತೆಗೆಯುವುದನ್ನು ಮರೆತು ಬಸ್ಸು ಹತ್ತಿರಬೇಕು.

“ಈ ಗುರುತು ನಿಮ್ಮದ ಏನ್ರಿ?” ಎಂದು ಕೇಳಿದಳು.

“ನಮ್ಮದ. ಕುಂದರ್ರಿ. ತಾವು?”

“ನಾನು ಫಕೀರವ್ವ ಅಂತ್ರಿ. ಮೈಲಾರಿ ನನ್ನ ತಮ್ಮ.”

ವಿಮಲಾ ನೀರು ತರಿಸಿದಳು. ಫಕೀರವ್ವ ಕುಡಿಯಲಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು.

“ಮಂಡಳಿ ಸಾಹೇಬ್ರು ಹೇಳಿದ್ರು, ಚಿತ್ರಾ ನಾವು ಬರದಿಲ್ಲವಾ, ಕಂಪ್ಯೂಟರ್ ಬರದೈತಿ, ಮೂರು ಸಲ ತಗದ್ರೂ ಅದ ಬಂತು ಅಂತ. ಅದಕ್ಕ ಕಂಪ್ಯೂಟರಿನವರನ್ನ ಕೇಳೂಣು ಅಂತ ಬಂದೀನ್ರಿ. ಅವ ಅಲ್ಲಿ ಬೀಡಿ ಹಚ್ಚಿದ್ದು ನಿಮಗ ಕಂಡಿತೇನ್ರಿ?”

“ನಾವು ನೋಡಿಲ್ಲವಾ. ಧೂಳಿನ ಲೆಕ್ಕ ಹಾಕಿದ್ರ ಹಂಗ ಬರತೈತಿ.”

“ಬೀಡಿ ಸೇದತಿದ್ದ. ಸುಳ್ಳು ಯಾಕ ಹೇಳಲಿ? ಒಳಗ ಸೇದತಿದ್ದನೋ ಇಲ್ಲೋ, ದೇವ್ರ ಬಲ್ಲ.” ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. “ಸತ್ತವರೊಳಗ ನಾಕು ಮಂದಿ ನಮ್ಮ ಓಣಿಯವ್ರ ಅದಾರ್ರಿ. ನಾ ಹೊಲಿದ ಜಂಪರ ಹಾಕ್ಕೊಂಡ ಆ ಹೆಣ್ಮಕ್ಕಳು ಗಂಡಂದಿರ ಹೆಣದ ಮುಂದ ಅತ್ತಾರ. ಈ ಚಿತ್ರಾ ಬಂದಾಗಿಂದ ಒಂದು ಅರಿವಿ ಹೊಲಿಗಿಗೆ ಬಂದಿಲ್ಲ. ಅದು ಹೋಗ್ಲಿ. ಎದುರುಮನಿ ಹೊನ್ನವ್ವನ ಮಗ ಶಿವಪುತ್ರ, ಮೈಲಾರಿ ಕೂಡಿ ಬೆಳದಾಂವ, ಅವನೂ ಅದ ಬೆಂಕ್ಯಾಗ ಹೋದ. ಹೊನ್ನವ್ವ ಈಗ ನನ್ನ ಕಂಡ್ರ ಕದಾ ಹಾಕ್ಕೋತಾಳ. ಅಕ್ಕಾರ, ಅದು ಖರೇ ಇದ್ರ ಖರೇ ಅಂತ ಹೇಳ್ರಿ. ನಾ ಊರು ಬಿಟ್ಟು ಹೋಗ್ತೀನಿ. ಖರೇನ ಇಲ್ಲೋ ಅಷ್ಟ ಹೇಳ್ರಿ.”

ವಿಮಲಾ ನೋಡಿ ತಿಳಿಸುತ್ತೇನೆಂದು ಹೇಳಿ ಕಳಿಸಿದಳು. ಗಿರಾಕಿಗಳಿಗೆ ಹೇಳುವ ಮಾತೇ ಅದು. ಆದರೆ ಮಧ್ಯಾಹ್ನ ಅವಳೇ ಇಮ್ತಿಯಾಜ್‌ನ ಮೇಜಿಗೆ ಕುರ್ಚಿ ಎಳೆದುಕೊಂಡಳು. ಅವಘಡಗಳ ಧೂಳಿನ ದಾಖಲೆ ಸಾರ್ವಜನಿಕವಾಗಿರಬೇಕೆಂದು ಕಾನೂನಿತ್ತು. ಮಂಡಳಿಯ ತಾಣದಿಂದ ಕರಡಿಕೊಪ್ಪದ ದಾಖಲೆಯನ್ನು ಇಳಿಸಿಕೊಂಡರು. ಸ್ಫೋಟಕ್ಕೆ ಮುಂಚಿನ ಕ್ಷಣಗಳಲ್ಲಿ ಕಾರ್ಖಾನೆಯ ಚಾವಣಿಯ ಕಣ್ಣುಗಳು ಕಂಡಿದ್ದ ಕಣಗಳು ಇನ್ನೂರು ಕೋಟಿಗೂ ಹೆಚ್ಚು.

“ಇನ್ನೂರು ಕೋಟಿ,” ಎಂದಳು ವಿಮಲಾ. “ಉಚಿತದೊಳಗ ಐದ ಕೋಟಿ. ಉಳಿದಾವ ಏನಾಗತಾವ?”

“ಬಿಟ್ಟುಬಿಡತೈತಿ.”

“ಯಾವ ಬಿಡಬೇಕು ಅಂತ ಹೆಂಗ ಗೊತ್ತಾಗತೈತಿ ಅದಕ್ಕ?”

ಇಮ್ತಿಯಾಜ್ ತಲೆ ಕೆರೆದುಕೊಂಡ. “ಚೀಟಿ ಎತ್ತತೈತಿ ಮೇಡಂ. ಒಳಗ ಒಂದು ಲಾಟರಿ ಇದ್ದಂಗ. ನಲವತ್ತು ಕಣದಾಗ ಒಂದು ಉಳೀತೈತಿ. ಆದ್ರ ಮೂವತ್ತೊಂಬತ್ತು ಹೋದ್ರ ಮೋಡ ತೆಳ್ಳಗ ಕಾಣತೈತಲ್ಲ, ಅದಕ್ಕ ಹೋದವರ ಹೊಳಪನ್ನೆಲ್ಲ ಉಳಿದ ಒಂದಕ್ಕ ಕೊಡತೈತಿ. ಸಿನಿಮಾದವರಿಗೆ ಫರಕ್ ಗೊತ್ತಾಗಂಗಿಲ್ಲ.”

“ಮೂರು ಸಲ ಮಾಡಿದ್ರೂ ಒಂದ ಚಿತ್ರ ಬಂತು ಅಂದಾರ.”

“ಬರಬೇಕಲ್ಲ. ಪ್ರತಿ ಸಲ ಅದ ಚೀಟಿ ಎತ್ತಂಗ ಮಾಡೀನಿ. ಇಲ್ಲಾಂದ್ರ ಸಿನಿಮಾದೊಳಗ ಒಂದೊಂದು ಫ್ರೇಮಿಗೆ ಹೊಗಿ ಜಿಗದಾಡತೈತಿ.”

ಇಬ್ಬರೂ ವರದಿಯ ಚಿತ್ರವನ್ನು ಮತ್ತೆ ಪರದೆಗೆ ತಂದು ನೋಡಿದರು. ಮೈಲಾರಪ್ಪನ ಪಕ್ಕದ ಆ ಕಿತ್ತಳೆ ಚುಕ್ಕೆ, ಚೀಟಿಯಲ್ಲಿ ಉಳಿದ ಒಂದು ಬಿಸಿ ಕಣ ಇರಬಹುದು. ಬಿಟ್ಟುಹೋದ ಮೂವತ್ತೊಂಬತ್ತರ ಬೆಳಕನ್ನು ಹೊತ್ತು ಅದು ಬೀಡಿಯ ಕೆಂಡದಷ್ಟು ದೊಡ್ಡದಾಗಿ ಕಂಡಿರಬಹುದು. ಹೀಗೆ ಬಿಡುವ ವಿಷಯ ಗುಣವಿಶೇಷಗಳ ಪುಟದಲ್ಲಿರಲಿಲ್ಲ. ‘ಐದು ಕೋಟಿ ಕಣಗಳವರೆಗೆ’ ಎಂದಷ್ಟೇ ಇತ್ತು. ಆ ಸಾಲು ವಿಮಲಾಳದೇ.

ಸಂಸ್ಥೆಯ ಪೂರ್ತಿ ಪರವಾನಗಿಯಲ್ಲಿ ಇನ್ನೂರು ಕೋಟಿಯನ್ನೂ ಹಾಕಿ ಓಡಿಸಿದರು. ಸಂಜೆಯ ಹೊತ್ತಿಗೆ ಚಿತ್ರ ಬಂತು. ಕಿಡಿ ಮೈಲಾರಪ್ಪನಿಂದ ದೂರ, ಹಿಟ್ಟನ್ನು ಮೇಲಕ್ಕೆ ಸಾಗಿಸುವ ಬಕೆಟ್ ಪಟ್ಟಿಯ ಬೇರಿಂಗಿನ ಹತ್ತಿರ ಹುಟ್ಟಿತ್ತು. ವಿಮಲಾಗೆ ಎದೆ ಹಗುರಾಯಿತು. ತಕ್ಷಣ ಫಕೀರವ್ವನಿಗೆ ಫೋನು ಮಾಡಬೇಕೆಂದು ಕೈಗೆ ತೆಗೆದುಕೊಂಡಳು. ಆದರೆ ಇಂಥ ವಿಷಯಕ್ಕೆ ಮೊದಲು ಒಡೆಯನಿಗೆ ಹೇಳುವುದು ವಾಡಿಕೆ.

ಸುಧೀಂದ್ರ ಜಾಲಿಹಾಳ ಕೆಟ್ಟವನಲ್ಲ. ಹದಿನೈದು ವರ್ಷ ಮುಂಬಯಿಯ ಸ್ಟುಡಿಯೋಗಳಲ್ಲಿ ದುಡಿದು ಬಂದು, ಸ್ವಂತ ಊರಲ್ಲಿ ಕಣಜ ಕಟ್ಟಿದವನು. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದ.

“ಇದು ಭಾಳ ಛಲೋ ಆತು, ವಿಮಲಾ ಅವರ,” ಎಂದ. “ಉಚಿತದಾಗ ತಪ್ಪು ಬಂದದ, ಪೂರ್ತಿ ಲೈಸನ್ಸಿನಾಗ ಸರಿ ಬಂದದ. ಮಂಡಳಿಗೆ ನಾವೇ ಹೋಗಿ ಹೇಳೋಣ. ರಾಜ್ಯದ ಎಲ್ಲಾ ಮಂಡಳಿಯವ್ರೂ ಪೂರ್ತಿ ಲೈಸನ್ಸ್ ತಗೋತಾರ. ಆ ಹುಡುಗನ ಹೆಸರೂ ಉಳೀತದ. ಯಾರಿಗೂ ಲುಕ್ಸಾನಿಲ್ಲ.”

ವಿಮಲಾಗೂ ಹಾಗೇ ಅನಿಸಿತು. ಮನೆಗೆ ಹೋಗುವಾಗ ದಾರಿಯಲ್ಲಿ ಮೆಂತ್ಯದ ಸೊಪ್ಪು ಕೊಂಡಳು. ಊಟಕ್ಕೆ ಕುಳಿತಾಗ ಕಾಶಮ್ಮನವರು ಮತ್ತೆ ಸರೋಜಾಬಾಯಿಯ ಮಾತು ತೆಗೆದರು. ಆ ಮನೆಯ ಮೊಮ್ಮಗಳ ಹುಟ್ಟುಹಬ್ಬಕ್ಕೆ ಈ ಸಲ ಇವರನ್ನು ಕರೆದಿರಲಿಲ್ಲ. “ಬ್ಯಾಡ ಬಿಡು, ನಾ ಏನು ಸುಳ್ಳು ಹೇಳೀನೇನು? ಚಿತ್ರದಾಗ ಐತಿ,” ಎಂದು ರೊಟ್ಟಿ ಮುರಿಯುತ್ತ ಕುಳಿತರು. ತಿನ್ನಲಿಲ್ಲ.

ವಿಮಲಾ ಸುಮ್ಮನೆ, ಅತ್ತೆಯ ಸಮಾಧಾನಕ್ಕೆಂದು, ಮರುದಿನ ಮನೆಯ ಧೂಳಿನ ದಾಖಲೆಯನ್ನು ಕಚೇರಿಗೆ ಒಯ್ದು ಪೂರ್ತಿ ಪರವಾನಗಿಯಲ್ಲಿ ಹಾಕಿದಳು. ಎಳೆ ಈ ಸಲವೂ ಮೆಟ್ಟಿಲ ಕಿಂಡಿಯಿಂದಲೇ ಇಳಿಯಿತು, ಆದರೆ ಒಲೆಗೆ ಹೋಗದೆ ಬೀದಿಯ ಕಡೆ ತಿರುಗಿ ಮೂಲೆಯ ಭಜಿ ಅಂಗಡಿಯ ದಿಕ್ಕಿಗೆ ಹೋಗಿ ಮಾಯವಾಯಿತು. ಕಿಂಡಿಯ ಆಚೆ ಧೂಳುಗಣ್ಣೇ ಇಲ್ಲ. ಹಾಗಾದರೆ ಈ ದಾರಿ ಎಲ್ಲಿಂದ ಬಂತು? ಅವಳು ಇಮ್ತಿಯಾಜ್‌ನನ್ನು ಕರೆದಳು.

“ಕಣ್ಣಿಗೆ ಕಾಣದ ಜಾಗ ಇದ್ರ ಖಾಲಿ ಬಿಡಂಗಿಲ್ಲ ಅದು,” ಎಂದ ಅವನು. “ಸುತ್ತಲಿನ ಗಾಳಿ ನೋಡಿ ಅಂದಾಜಿನ ಮ್ಯಾಲ ತುಂಬತೈತಿ. ತೂತು ಬಿದ್ದ ಮೋಡ ಯಾರಿಗೆ ಬೇಕು?”

“ಆ ಅಂದಾಜಿಗೂ ಚೀಟಿನ?”

ಅವನು ಹೌದೆಂದು ತಲೆಯಾಡಿಸಿದ. ಕರಡಿಕೊಪ್ಪದ ದಾಖಲೆಯನ್ನು ಮತ್ತೆ ತೆರೆದ. ಬಕೆಟ್ ಪಟ್ಟಿಯ ಮೇಲಿನ ಕಣ್ಣು ಏನನ್ನೂ ಬರೆದುಕೊಂಡಿರಲಿಲ್ಲ. ಸ್ಫೋಟಕ್ಕೆ ಬಹಳ ಮೊದಲಿನಿಂದಲೂ ಅದರ ಗಾಜಿನ ಮೇಲೆ ಹಿಟ್ಟು ಕಟ್ಟಿಕೊಂಡು ಕುರುಡಾಗಿತ್ತು. ಕಾರ್ಖಾನೆಯ ನಟ್ಟನಡುವೆ ಒಂದು ದೊಡ್ಡ ಕೋಣೆಯಷ್ಟು ಜಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಣಜ ಅದನ್ನು ಚೆಂದಗೆ ತುಂಬಿಕೊಟ್ಟಿತ್ತು.

ಇಮ್ತಿಯಾಜ್ ಚೀಟಿಯ ಕಟ್ಟನ್ನು ಬದಲಿಸಿ ಓಡಿಸಿದ. ಈ ಸಲ ಕಿಡಿ ಒಣಗಿಸುವ ಯಂತ್ರದ ಬಾಯಲ್ಲಿ ಹುಟ್ಟಿತು. ಇನ್ನೊಮ್ಮೆ ಬದಲಿಸಿದಾಗ ಗೋಡೆಯ ದೀಪದಲ್ಲಿ. ಮತ್ತೆ ಬೇರಿಂಗಿನಲ್ಲಿ. ಆಮೇಲೆ ಒಮ್ಮೆ, ಇಬ್ಬರೂ ನೋಡುತ್ತಿದ್ದಂತೆಯೇ, ಮೈಲಾರಪ್ಪನ ಕೈಯ ಪಕ್ಕದಲ್ಲಿ.

“ಸಾಕು, ನಿಲ್ಲಸು,” ಎಂದಳು ವಿಮಲಾ.

ಅವಳಿಗೆ ಮೊದಲು ನೆನಪಾದದ್ದು ಬೇರಿಂಗು. ವರದಿಯಲ್ಲಿ ಆ ವಿಷಯ ಓದಿದ್ದಳು: ಪಟ್ಟಿಯ ಬೇರಿಂಗಿಗೆ ಎಣ್ಣೆ ಹಾಕುವ ಕೆಲಸ ಬಸವಂತ ಎಂಬವನದು. ಅವನು ಬದುಕಿದ್ದ, ಎರಡೂ ಕೈ ಸುಟ್ಟಿದ್ದವು. ನಿನ್ನೆಯ ಚಿತ್ರವನ್ನು ಮಂಡಳಿಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಕರಡಿಕೊಪ್ಪದಲ್ಲಿ ಬಸವಂತನ ಮನೆಯ ಮುಂದೆ ಜನ ಸೇರುತ್ತಿದ್ದರು.

ಜಾಲಿಹಾಳ ಎಲ್ಲವನ್ನೂ ಕೇಳಿಸಿಕೊಂಡ. ಅವನ ಮುಖದಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು.

“ನಾವು ಮಾಡಿದ್ದು ಚಿತ್ರ ತಗಿಯೋ ಸಾಫ್ಟ್‌ವೇರ್ರಿ. ಸಾಕ್ಷಿ ಹೇಳ್ಲಿಕ್ಕೆ ಮಾಡಿದ್ದಲ್ಲ. ಲೈಸನ್ಸಿನಾಗ ಬರದೂ ಅದ: ನಿಖರತೆಗೆ ಸಂಸ್ಥೆ ಹೊಣೆಯಲ್ಲ ಅಂತ.”

“ಬರದಾಕಿ ನಾನ ಸರ್. ಯಾರೂ ಓದಂಗಿಲ್ಲ ಅಂತ ಗೊತ್ತಿದ್ದ ಬರೀತೀವಿ ಅದನ್ನ. ಎಲ್ಲಾರೂ ಒಪ್ಪಿಗೆ ಒತ್ತತಾರ, ಮುಂದ ಹೋಗತಾರ.”

“ಹಂಗಂದ್ರ ಏನು ಮಾಡು ಅಂತೀರಿ? ನಮ್ಮ ಚಿತ್ರ ಸುಳ್ಳು ಅಂತ ನಾವೇ ಡಂಗುರ ಹೊಡಿಯೋಣೇನು? ಹೈದರಾಬಾದಿನ ಸ್ಟುಡಿಯೋದವ್ರ ಜೋಡಿ ಮುಂದಿನ ವಾರ ಕರಾರಿಗೆ ಸಹಿ ಅದ.”

“ಸುಳ್ಳು ಅನ್ನೂದು ಬ್ಯಾಡ. ಗೊತ್ತಿಲ್ಲದ ಜಾಗದಾಗ ಗೊತ್ತಿಲ್ಲ ಅಂತ ಹೇಳಲಿ ಅದು. ಇಮ್ತಿಯಾಜ್ ಮಾಡತೀನಿ ಅಂತಾನ. ಒಂದ ಚೀಟಿ ಅಲ್ಲ, ನೂರು ಥರ ಚೀಟಿ ಎತ್ತಿ ನೋಡೂದು. ಎಲ್ಲಾದರೊಳಗೂ ಒಂದ ಕಡೆ ಕಂಡ ಕಣಕ್ಕ ಬೆಳಕು. ಉಳಿದದ್ದು ಕಪ್ಪು.”

“ಕಪ್ಪು?”

“ಕಪ್ಪು.”

“ಚಿತ್ರದ ನಡುವ ತೂತು ಬೀಳತದ. ಯಾರು ಕೊಳ್ತಾರ ಅದನ್ನ?”

ಬಾಗಿಲ ಬಳಿ ನಿಂತಿದ್ದ ಇಮ್ತಿಯಾಜ್ ಒಂದು ಮಾತು ಹೇಳಿದ. “ಸರ್, ಚೀಟಿ ಬದಲ ಮಾಡಿದ್ರ ಕಿಡಿ ಓಡಾಡತೈತಿ ಅನ್ನೂದು ನಮಗ ಗೊತ್ತಾತು. ನಾಳೆ ಯಾರಿಗರ ಗೊತ್ತಾಗತೈತಿ. ಗೊತ್ತಾದವ ತನಗ ಆಗದವನ ಮ್ಯಾಲ ಕಿಡಿ ಬೀಳುವತನಾ ಚೀಟಿ ಎತ್ತತಾನ.”

ಜಾಲಿಹಾಳ ಕಿಟಕಿಯ ಹೊರಗೆ ನೋಡಿದ. ಕೆಳಗೆ ಕನ್ನಡಕದ ಅಂಗಡಿಯವನು ಯಾರಿಗೋ ಚೌಕಟ್ಟು ತೊಡಿಸಿ ಕನ್ನಡಿ ಹಿಡಿದಿದ್ದ. ಅವತ್ತು ಒಡೆಯ ಬೇಗ ಮನೆಗೆ ಹೊರಟ. ಎರಡು ದಿನ ಬಿಟ್ಟು ವಿಮಲಾಳನ್ನು ಕರೆದು, ತಲೆಯೆತ್ತದೆಯೇ ಹೇಳಿದ: “ಸಿನಿಮಾದವರಿಗೆ ಆ ಕಪ್ಪು ತಗಿಯೋ ಗುಂಡಿ ಇರ್ಲಿ. ತಗದ್ರ ಚಿತ್ರದ ಮ್ಯಾಲ ‘ಕಲ್ಪಿತ’ ಅಂತ ಬೀಳಬೇಕು. ಅಳಿಸ್ಲಿಕ್ಕೆ ಬರಬಾರದು. ಯಾವ ಯಾವ ಲೈಸನ್ಸಿಗೆ ಕಪ್ಪು?”

“ಎಲ್ಲಾದಕ್ಕೂ ಸರ್. ಉಚಿತಕ್ಕ ಮೊದಲ.”

“ಬರೀರಿ,” ಎಂದ.

ಫಕೀರವ್ವನಿಗೆ ಇದನ್ನು ಫೋನಿನಲ್ಲಿ ಹೇಳಲು ವಿಮಲಾಗೆ ಬಾಯಿ ಬರಲಿಲ್ಲ. ಕರಡಿಕೊಪ್ಪಕ್ಕೇ ಹೋದಳು. ಓಣಿ ಇಕ್ಕಟ್ಟಾಗಿತ್ತು. ಮನೆ ಕೇಳಿದಾಗ ಒಬ್ಬಳು ಬೆರಳು ತೋರಿಸಿ, ಮತ್ತೇನೂ ಕೇಳುವ ಮುನ್ನ ಒಳಗೆ ಹೋದಳು. ಫಕೀರವ್ವನ ಹೊಲಿಗೆ ಯಂತ್ರದ ಮೇಲೆ ಹಳೆಯ ದುಪ್ಪಡಿ ಹೊದಿಸಿತ್ತು. ಚಹ ಕೊಟ್ಟು ಎದುರಿಗೆ ಕುಳಿತಳು.

ವಿಮಲಾ ಚೀಟಿಯ ಮಾತು, ಕುರುಡುಗಣ್ಣಿನ ಮಾತು, ಎಲ್ಲವನ್ನೂ ಬಿಡಿಸಿ ಹೇಳಿದಳು. ಕಿಡಿ ಬೇರಿಂಗಿನ ಹತ್ತಿರ ಕಂಡದ್ದನ್ನೂ ಹೇಳಿದಳು, ಮತ್ತೊಮ್ಮೆ ಮೈಲಾರಪ್ಪನ ಹತ್ತಿರವೇ ಕಂಡದ್ದನ್ನೂ ಮುಚ್ಚಿಡಲಿಲ್ಲ.

“ಬೇರಿಂಗಿನ ಹತ್ರ ಕಂಡಿದ್ದು ನಿಮ್ಮ ಹಂತೇಕ ಐತಿ?” ಎಂದು ಕೇಳಿದಳು ಫಕೀರವ್ವ.

“ಐತಿ.”

“ಅದನ್ನ ಕೊಡ್ರಿ ನನಗ. ಸಾಕು.”

“ಅದನ್ನ ಕೊಟ್ಟರ ಬಸವಂತನ ಹೆಸರ ಬರತೈತಿ.”

“ಬರಲಿ!” ಅವಳ ದನಿ ಏರಿತು. “ನನ್ನ ತಮ್ಮನ ಹೆಸರ ಬಂದಾಗ ಯಾರರ ವಿಚಾರ ಮಾಡಿದ್ರೇನು? ಬಸವಂತ ಬದುಕ್ಯಾನ, ಬಾಯಿ ಐತಿ, ತನ್ನ ಮಾತು ತಾ ಹೇಳಕೋತಾನ. ಸತ್ತಂವ ಏನು ಹೇಳಬೇಕು?”

ಫಕೀರವ್ವ ಎದ್ದು ಒಳಗೆ ಹೋದಳು. ಪಾತ್ರೆ ಸರಿಸುವ ಸದ್ದು ಬಂತು, ನಿಂತಿತು. ಹೊರಗೆ ಬಂದಾಗ ಕಣ್ಣೊರೆಸಿಕೊಂಡಿದ್ದಳು.

“ಬಸವಂತನ ಹೇಣ್ತಿ ಅವನ ಬಾಯಾಗ ತುತ್ತು ಇಡಬೇಕ್ರಿ ಈಗ. ಕೈ ಮಡಚಾಕ ಬರಂಗಿಲ್ಲ ಅವಗ.” ನೆಲದ ಮೇಲೆ ಕುಳಿತಳು. “ಅಂದ್ರ ಮೈಲಾರಿ ಮಾಡಿಲ್ಲ ಅಂತ ಹೇಳಾಕ ಬರಂಗಿಲ್ಲ ನಿಮಗ.”

“ಬರಂಗಿಲ್ಲ. ಮಾಡ್ಯಾನ ಅಂತ ಹೇಳಾಕೂ ಯಾರಿಗೂ ಬರಂಗಿಲ್ಲ.”

“ಗೊತ್ತಿಲ್ಲ ಅಂತ ಬರೀತಾರೇನು ಅವರು? ಸರಕಾರದವ್ರು?”

“ಕೇಳಿ ನೋಡೂಣು.”

ಹೊಸ ಆವೃತ್ತಿ ಹೊರಬಿತ್ತು. ಗುಣವಿಶೇಷಗಳ ಪುಟದ ಮೊದಲ ಸಾಲಿನಲ್ಲೇ ವಿಮಲಾ ಹೀಗೆ ಬರೆದಳು: ‘ಉಚಿತ ಪರವಾನಗಿಯಲ್ಲಿ ಐದು ಕೋಟಿ ಮೀರಿದ ಕಣಗಳನ್ನು ಬಿಡಲಾಗುತ್ತದೆ. ಕಣಜಕ್ಕೆ ತಿಳಿಯದ ಜಾಗ ಕಪ್ಪಾಗಿ ಕಾಣುತ್ತದೆ.’ ಬೈಗುಳ ಸುರಿದವು. ಚಿತ್ರ ಕೆಟ್ಟುಹೋಗಿದೆ, ಹಳೆಯದನ್ನೇ ಕೊಡಿ ಎಂದು ಜನ ಬರೆದರು. ಗಿರಣಿಯವನ ಜಗಳ ಮತ್ತೆ ಮೊದಲಿನಿಂದ ಶುರುವಾಯಿತು. ಹೈದರಾಬಾದಿನವರು ಸಹಿ ಮುಂದೂಡಿ, ಆಮೇಲೆ ಸುದ್ದಿಯೇ ಇಲ್ಲದೆ ಹೋದರು. ವಿಮಲಾಳ ಮನೆಯ ಚಿತ್ರದಲ್ಲಿ ಮೆಟ್ಟಿಲ ಕಿಂಡಿಯ ಆಚೆ ಎಲ್ಲ ಕಪ್ಪಾಗಿತ್ತು. ಕಾಶಮ್ಮನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಹಂಗಾರ ಹೊಗಿ ಎಲ್ಲಿಂದ ಬರತೈತಿ?” ಎಂದರು. “ಗೊತ್ತಿಲ್ಲ, ಅತ್ತಿ,” ಎಂದಳು ಸೊಸೆ. ಅವರಿಗೆ ಅದು ಹಿಡಿಸಲಿಲ್ಲ. ಆದರೂ ಒಂದು ದಿನ ಹೋಳಿಗೆಯ ತಟ್ಟೆ ಹಿಡಿದು, ಮಂಡಿ ನೋವು ಎನ್ನುತ್ತಲೇ, ಕೆಳಗಿಳಿದರು. ಸರೋಜಾಬಾಯಿ ತಟ್ಟೆ ಇಸಿದುಕೊಂಡರು, ಒಳಗೆ ಕರೆಯಲಿಲ್ಲ. ಅವತ್ತಿಗೆ ಅಷ್ಟೇ ಆಯಿತು.

ಮಂಡಳಿಯ ಅಂತಿಮ ವಿಚಾರಣೆ ಜಿಲ್ಲಾ ಕೇಂದ್ರದಲ್ಲಿ, ಹಳೆಯ ಸಭಾಭವನದಲ್ಲಿ ನಡೆಯಿತು. ಕರಡಿಕೊಪ್ಪದಿಂದ ಸತ್ತವರ ಮನೆಯವರೆಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲಿ ಬಿಳಿಸೀರೆಯ ಹೊನ್ನವ್ವ ಕುಳಿತಿದ್ದಳು. ಫಕೀರವ್ವ ಹಿಂದೆ, ಕಂಬದ ಪಕ್ಕ, ಒಬ್ಬಳೇ. ಕಾರ್ಖಾನೆಯ ಮ್ಯಾನೇಜರ್ ಕಾಳಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಕೀಲರ ಜೊತೆ ಬಂದಿದ್ದ. ಮಂಡಳಿಯ ಅಧ್ಯಕ್ಷ ನಾಡಿಗೇರ ಎಂಬ ನಿವೃತ್ತಿಯ ಅಂಚಿನ ಅಧಿಕಾರಿ.

ಅರ್ಜಿ ಹಾಕಿ ಅನುಮತಿ ಪಡೆದಿದ್ದ ವಿಮಲಾ ಮತ್ತು ಇಮ್ತಿಯಾಜ್ ದೊಡ್ಡ ಪರದೆಯ ಮೇಲೆ ಹೊಸ ಆವೃತ್ತಿಯ ಚಿತ್ರ ಹಾಕಿದರು. ಹಿಟ್ಟಿನ ಮೋಡ ಮೊದಲಿನಂತೆಯೇ ಬೆಳ್ಳಗೆ ಹೊಳೆಯುತ್ತಿತ್ತು. ಅದರ ನಡುವೆ, ಬಕೆಟ್ ಪಟ್ಟಿಯಿಂದ ಹಿಡಿದು ಚೀಲ ತುಂಬುವ ಜಾಗದವರೆಗೆ, ದೊಡ್ಡದೊಂದು ಕಪ್ಪು ಹರಡಿತ್ತು. ಮೈಲಾರಪ್ಪನ ಆಕಾರ ಆ ಕಪ್ಪಿನ ಅಂಚಿನಲ್ಲಿತ್ತು. ಕಿತ್ತಳೆ ಚುಕ್ಕೆ ಎಲ್ಲೂ ಇರಲಿಲ್ಲ.

ನಾಡಿಗೇರರು ಕನ್ನಡಕ ಸರಿಮಾಡಿಕೊಂಡರು. “ಇಲ್ಲಿ ಏನೂ ಕಾಣೋದಿಲ್ಲಲ್ರಿ.”

“ಹೌದು ಸರ್,” ಎಂದಳು ವಿಮಲಾ. “ಬೆಂಕಿ ಈ ಕಪ್ಪಿನೊಳಗ ಎಲ್ಲೋ ಹತ್ತಿರಬೇಕು. ಎಲ್ಲಿ ಅಂತ ಹೇಳಾಕ ಕಣಜಕ್ಕ ಬರಂಗಿಲ್ಲ. ಹಿಂದಿನ ಚಿತ್ರದೊಳಗ ಕಂಡ ಕಿಡಿ ನಮ್ಮ ಸಾಫ್ಟ್‌ವೇರಿನ ಅಂದಾಜು. ಅದನ್ನ ನಾವು ಮೊದಲ ಹೇಳಬೇಕಿತ್ತು. ಹೇಳಿರಲಿಲ್ಲ.”

ಸಭೆಯಲ್ಲಿ ಗುಜುಗುಜು ಎದ್ದಿತು. ಕಾಳಗಿಯ ವಕೀಲ ಎದ್ದು, ಹಿಂದಿನ ಚಿತ್ರವೇ ಸ್ಪಷ್ಟವಾಗಿತ್ತು, ಮಧ್ಯಂತರ ವರದಿಯನ್ನೇ ಉಳಿಸಿಕೊಳ್ಳಬೇಕು ಎಂದ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಹೊನ್ನವ್ವ ಎದ್ದು ನಿಂತಳು. ಯಾರೂ ಅವಳನ್ನು ಮಾತಾಡೆಂದು ಕರೆದಿರಲಿಲ್ಲ.

“ಸಾಹೇಬ್ರ, ನನ್ನ ಮಗಾ ಸತ್ತ. ಯಾರು ಕೊಂದ್ರು ಅಂತ ಕೇಳಿದ್ವಿ. ಮೈಲಾರಿ ಅಂದ್ರಿ. ನಾ ಎತ್ತಿ ಆಡಿಸಿದ ಹುಡುಗ ಅಂವ. ಆದ್ರೂ ಸಿಟ್ಟು ಮಾಡಿದೆ, ಅವನಕ್ಕನ ಮಾರಿ ನೋಡೂದ ಬಿಟ್ಟೆ. ಈಗ ಗೊತ್ತಿಲ್ಲ ಅಂತೀರಿ.” ಅವಳು ಪರದೆಯತ್ತ ಕೈ ಮಾಡಿದಳು. “ಹಂಗಾರ ನಾವು ಯಾರ ಮ್ಯಾಲ ಸಿಟ್ಟು ಮಾಡಬೇಕ್ರಿ?”

ವಿಮಲಾ ಕಚೇರಿಯಲ್ಲಿ, ಕರಡಿಕೊಪ್ಪದಲ್ಲಿ, ಬಸ್ಸಿನಲ್ಲಿ ಬೇಕಾದಷ್ಟು ಯೋಚಿಸಿದ್ದಳು. ಈ ಪ್ರಶ್ನೆ ಅವಳ ತಲೆಗೆ ಹೊಳೆದಿರಲಿಲ್ಲ.

ನಾಡಿಗೇರರು ಮುದುಕಿಯನ್ನು ಕೂರಲು ಹೇಳಿದರು. ತಾವೇ ಎದ್ದು ಪರದೆಯ ಹತ್ತಿರ ಹೋದರು. ಕಪ್ಪಿನ ಅಂಚನ್ನು ಬೆರಳಿನಿಂದ ಸುತ್ತುತ್ತ ಬಂದರು.

“ಇಷ್ಟು ದೊಡ್ಡ ಜಾಗ ಯಾಕೆ ಗೊತ್ತಾಗಲಿಲ್ಲ?” ಎಂದು ಇಮ್ತಿಯಾಜ್‌ನನ್ನು ಕೇಳಿದರು.

“ಅಲ್ಲಿನ ಧೂಳುಗಣ್ಣು ಕುರುಡಾಗಿತ್ರಿ. ಗಾಜಿನ ಮ್ಯಾಲ ಹಿಟ್ಟು ಕೂತಿತ್ತು.”

“ಯಾವಾಗಿನಿಂದ?”

“ದಾಖಲೆಯೊಳಗ ಸ್ಫೋಟದ ಹಿಂದಿನ ಹಬ್ಬದ ಸೀಸನ್ನಿನಿಂದ್ಲೂ ಆ ಕಣ್ಣು ಏನೂ ಬರದಿಲ್ರಿ. ಅದರ ಬಾಜೂಕಿನ ಎರಡೂ ಅರ್ಧಾ ಮುಚ್ಚಿದ್ವು.”

ನಾಡಿಗೇರರು ತಿರುಗಿ ಕಾಳಗಿಯನ್ನು ನೋಡಿದರು. ಹಿಂದಿನ ಎಲ್ಲ ಸಭೆಗಳಲ್ಲೂ ಮಾತು ಬೀಡಿಯ ಸುತ್ತಲೇ ನಡೆದಿತ್ತು. ತುಂಬಿದ ಚಿತ್ರದಲ್ಲಿ ಎಲ್ಲಿಯೂ ಕೊರತೆ ಕಂಡಿರಲಿಲ್ಲವಾದ್ದರಿಂದ, ಕಣ್ಣುಗಳ ವಿಷಯ ಯಾರ ಬಾಯಲ್ಲೂ ಬಂದಿರಲಿಲ್ಲ.

“ಗಾಜು ಒರೆಸೋದು ಯಾರ ಕೆಲಸರಿ?”

ಕಾಳಗಿ ವಕೀಲನ ಕಡೆ ನೋಡಿದ. ವಕೀಲ ಕಾಗದ ತಿರುವಿದ.

“ಒರೆಸೋಕೆ ಬಕೆಟ್ ಪಟ್ಟಿ ನಿಲ್ಲಿಸಬೇಕಾಗುತ್ತೆ ಸರ್,” ಎಂದ ಕಾಳಗಿ ಕೊನೆಗೆ. “ಸೀಸನ್ನಿನಲ್ಲಿ ಪಟ್ಟಿ ನಿಲ್ಲಿಸಿದರೆ...”

ಗಾಜಿನ ಮೇಲೆ ಅಷ್ಟು ಹಿಟ್ಟು ಕೂತಿದ್ದರೆ ಗಾಳಿಯಲ್ಲಿ ಎಷ್ಟಿತ್ತು ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹೊನ್ನವ್ವ ಕಾಳಗಿಯನ್ನು ನೋಡುತ್ತ ಕುಳಿತಳು, ಕಣ್ಣು ಮಿಟುಕಿಸದೆ.

ಆದೇಶ ಮುಂದಿನ ತಿಂಗಳು ಬರುವುದಿತ್ತು. ಆದರೆ ಎರಡು ಮಾತುಗಳನ್ನು ನಾಡಿಗೇರರು ಅಂದೇ ಗುಮಾಸ್ತನಿಂದ ಬರೆಸಿದರು. ಕಿಡಿಯ ಮೂಲ ತಿಳಿದುಬಂದಿಲ್ಲ, ಮೈಲಾರಪ್ಪ ತಳವಾರ ಎಂಬ ಹೆಸರನ್ನು ವರದಿಯಿಂದ ತೆಗೆಯತಕ್ಕದ್ದು ಎಂಬುದೊಂದು. ಧೂಳು ತುಂಬಿದ ಕಾರ್ಖಾನೆಯನ್ನು ಕುರುಡುಗಣ್ಣುಗಳೊಡನೆ ನಡೆಸಿದ್ದಕ್ಕೆ ಆಡಳಿತದವರ ಮೇಲೆ ಪ್ರತ್ಯೇಕ ವಿಚಾರಣೆ ಎಂಬುದು ಇನ್ನೊಂದು.

ಫಕೀರವ್ವ ‘ತಿಳಿದುಬಂದಿಲ್ಲ’ ಎಂಬ ಪದವನ್ನು ಗುಮಾಸ್ತನ ಬಾಯಿಂದ ಇನ್ನೊಮ್ಮೆ ಹೇಳಿಸಿಕೊಂಡಳು. ಅಳಲಿಲ್ಲ. ವಿಮಲಾಳ ಕೈಯನ್ನು ಒಂದು ಕ್ಷಣ ಹಿಡಿದು ಬಿಟ್ಟಳು.

“ಖರೇ ಏನು ಅಂತ ಕಡೀಕೂ ಗೊತ್ತಾಗಲಿಲ್ಲ ನೋಡ್ರಿ ಅಕ್ಕಾರ,” ಎಂದಳು.

ಸಂಜೆಯ ಬಿಸಿಲಿನಲ್ಲಿ ಎಲ್ಲರೂ ಬಸ್ ನಿಲ್ದಾಣಕ್ಕೆ ನಡೆದರು. ಹುಬ್ಬಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ವಿಮಲಾ ಮತ್ತು ಇಮ್ತಿಯಾಜ್ ಚಹದ ಅಂಗಡಿಯ ಮುಂದೆ ನಿಂತರು. ಕರಡಿಕೊಪ್ಪದ ಬಸ್ಸು ಮೊದಲು ಬಂತು. ಊರಿನವರು ನುಗ್ಗಿ ಹತ್ತಿದರು. ಫಕೀರವ್ವ ಎಂದಿನ ರೂಢಿಯಂತೆ ಹಿಂದೆ ಉಳಿದು, ಎಲ್ಲರೂ ಹತ್ತಿದ ಮೇಲೆ ಹತ್ತಿದಳು. ಕಿಟಕಿಗಳಿಂದ ಒಳಗಿನದೆಲ್ಲ ಕಾಣುತ್ತಿತ್ತು. ಸೀಟುಗಳು ತುಂಬಿದ್ದವು. ಅವಳು ಕಂಬಿ ಹಿಡಿದು ನಿಂತಳು.

ಡ್ರೈವರನ ಹಿಂದಿನ ಸೀಟಿನಲ್ಲಿ ಹೊನ್ನವ್ವ ಒಬ್ಬಳೇ ಇದ್ದಳು. ಪಕ್ಕದಲ್ಲಿ ಅವಳ ಚೀಲ. ಅದನ್ನು ಎತ್ತಿಡು ಎಂದು ಹೇಳುವ ಧೈರ್ಯ ಯಾರಿಗೂ ಆಗಿರಲಿಲ್ಲ. ಬಸ್ಸು ಗುರುಗುಟ್ಟಿತು. ಹೊನ್ನವ್ವ ತಿರುಗಿ ನೋಡಲಿಲ್ಲ. ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯ ಕಡೆ ಸರಿದಳು.

ಫಕೀರವ್ವ ಸ್ವಲ್ಪ ಹೊತ್ತು ನಿಂತೇ ಇದ್ದಳು. ಬಸ್ಸು ನಿಲ್ದಾಣ ಬಿಟ್ಟು ರಸ್ತೆಗೆ ತಿರುಗುವಾಗ ಓಲಾಡಿತು. ಅವಳು ಕುಳಿತಳು.